ಎಡಗಡೆಯ ಸ್ಟೀರಿಂಗ್

ಮುಂಬಯಿಯ ಕನ್ನಡಿಗರ ಇತಿಹಾಸವನ್ನು ಮುಂದೊಂದು ದಿನ ಯಾರಾದರೂ ಬರೆಯಲು ಕುಳಿತರೆ, ೧೯೮೬ನೆಯ ಇಸವಿಯ ಆಗಸ್ಟ್ ಹದಿನೇಳನೆಯ ತಾರೀಖಿಗೆ ಇಡೀ ಒಂದು ಅಧ್ಯಾಯವನ್ನು ಮೀಸಲಿಡುವುದು ಅನಿವಾರ್ಯವಾಗುತ್ತದೆ. ಆ ಭಾನುವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ, ಮಾಟುಂಗ ಸ್ಟೇಷನ್ನಿನ ಹತ್ತಿರದ ಕಾಂತಪ್ಪನವರ ಹೋಟೆಲಿನಲ್ಲಿ, ಬಾಗಿಲಿನಿಂದ ಮೂರನೆಯ ಟೇಬಲ್ಲಿನಲ್ಲಿ, ಒಂದು ಕಾರಿನ ಸ್ಟೀರಿಂಗು ಎಡಗಡೆಗಿದೆ ಎಂಬ ಸಂಗತಿ ಪತ್ತೆಯಾಯಿತು. ಕಾರು ಅಲ್ಲಿರಲಿಲ್ಲ. ಕಾರಿನ ಫೋಟೋ ಇತ್ತು. ಅದೂ ಅಂಗೈಯಗಲದ್ದು, ಒಂದು ಮೂಲೆ ಮುರಿದದ್ದು.

ಪತ್ತೆ ಮಾಡಿದವರು ತಿರುಮಲೇಶ. ಮೈಸೂರಿನವರು. ಫೋರ್ಟಿನ ಒಂದು ವಿಮಾ ಕಂಪನಿಯಲ್ಲಿ ಇಪ್ಪತ್ತೇಳು ವರ್ಷದಿಂದ ಮೋಟಾರು ಕ್ಲೇಮುಗಳ ಟೇಬಲ್ಲಿನ ಹಿಂದೆ ಕುಳಿತು, ಈ ಊರಿನ ಜನ ಎಲ್ಲೆಲ್ಲಿ ಹೇಗೆಲ್ಲ ಗುದ್ದಿಸಿಕೊಂಡರೆಂಬುದನ್ನು ಫೋಟೋಗಳಲ್ಲಿ ನೋಡುತ್ತ ಬಂದವರು. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಟ್ಯಾಕ್ಸಿಯಲ್ಲಿ ಕುಳಿತರೆ ಹೊಟ್ಟೆ ತೊಳಸುತ್ತಿತ್ತು. ಆದರೆ ಹಳೆಯ ಕಾರಿನ ಫೋಟೋ ಒಂದನ್ನು ಕೈಗೆ ಕೊಟ್ಟರೆ, ಮಡ್‌ಗಾರ್ಡಿನ ಬಾಗು, ಬಾನೆಟ್ಟಿನ ಪಕ್ಕದ ಸೀಳುಗಳು, ಬಾಗಿಲು ತೆರೆಯುವ ದಿಕ್ಕು, ಇಷ್ಟರಿಂದಲೇ ಅದು ಯಾವ ದೇಶದ್ದು, ಯಾವ ಕಂಪನಿಯದು, ಯಾವ ಇಸವಿಯದು ಎಂದು ಹೇಳಿಬಿಡುತ್ತಿದ್ದರು. ಥೇಟು ಜಾತಕ ನೋಡುವವರ ಹಾಗೆ; ವ್ಯತ್ಯಾಸವೆಂದರೆ ಇವರು ಹೇಳಿದ್ದು ನಿಜವಾಗಿರುತ್ತಿತ್ತು. ಒಮ್ಮೆ ಬರೀ ಹಿಂದಿನ ಬಂಪರು ಮತ್ತು ಒಂದು ಆಡು ಇದ್ದ ಫೋಟೋ ನೋಡಿ ಅದು ಅಮೆರಿಕದ ಹಪ್‌ಮೊಬೀಲ್ ಎಂದಿದ್ದರು. ಆಡು ಇತ್ತೆಂಬುದು ಅವರಿಗೆ ಆಮೇಲೆ ಬೇರೆಯವರು ಹೇಳಿ ತಿಳಿಯಿತು.

ಅದಕ್ಕೆ ಕಾರಣವಿತ್ತು. ತಿರುಮಲೇಶರ ಜೇಬಿನಲ್ಲಿ ಭೂತಗನ್ನಡಿಯ ಜೊತೆಗೆ, ಹಳೆಯ ಲಗ್ನಪತ್ರಿಕೆಗಳಿಂದ ಕತ್ತರಿಸಿದ ನಾಲ್ಕು ದಪ್ಪ ಕಾಗದದ ಪಟ್ಟಿಗಳು ಸದಾ ಇರುತ್ತಿದ್ದವು. ಫೋಟೋ ಕೈಗೆ ಬಂದೊಡನೆ ಅವುಗಳನ್ನು ಸುತ್ತಲೂ ಜೋಡಿಸಿ ಕಾರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮುಚ್ಚುವುದು ಅವರ ಪದ್ಧತಿ. ಮರ, ಮನೆ, ಮದುವೆಗಂಡು, ಯಾರನ್ನೂ ಬಿಡುತ್ತಿರಲಿಲ್ಲ. "ಕಾರಿನ ಪಕ್ಕ ನಿಂತ್ಕೊಂಡವರು ಎಲ್ಲರೂ ತಾವೇ ಮುಖ್ಯ ಅನ್ನೋ ಹಾಗೆ ನಿಂತಿರ್ತಾರೆ. ನೋಡೋವನಿಗೆ ದಾರಿ ತಪ್ಪತ್ತೆ" ಎನ್ನುತ್ತಿದ್ದರು. ತೀರ್ಮಾನವಾದ ಮೇಲೆ ಫೋಟೋದ ಬೆನ್ನಿಗೆ ಪೆನ್ಸಿಲಿನಿಂದ ಕಾರಿನ ಹೆಸರು ಬರೆದು ಕೆಳಗೆ ರುಜು ಹಾಕುತ್ತಿದ್ದರು. ಬರೆದದ್ದನ್ನು ಅಳಿಸಿದ ಉದಾಹರಣೆ ಇರಲಿಲ್ಲ. ಅವರ ಬಳಿ ರಬ್ಬರೇ ಇರಲಿಲ್ಲ.

ಆ ದಿನದ ಫೋಟೋ ತಂದವರು ಸುಬ್ಬಲಕ್ಷ್ಮಿ. ಮಾಟುಂಗದ ಒಂದು ಶಾಲೆಯಲ್ಲಿ ಭೂಗೋಳದ ಟೀಚರು, ನಲವತ್ತಮೂರರ ಹೆಂಗಸು. ಕೈಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋಟೋ ತೆಗೆದು ಟೇಬಲ್ಲಿನ ಒದ್ದೆಯನ್ನು ಸೆರಗಿನಿಂದ ಒರೆಸಿ ಇಟ್ಟರು.

"ಇವರು ನಮ್ಮ ತಂದೆ ಸಾರ್, ಸೀತಾರಾಮಯ್ಯ ಅಂತ. ಪರೇಲಿನ ಮಿಲ್ಲೊಂದ್ರಲ್ಲಿ ಟೈಪಿಸ್ಟ್ ಆಗಿದ್ರು. ಆಯುಧಪೂಜೆ ದಿವಸ ನೂಲಿನ ಖಾತೆ ನೋಡ್ಕೊಳ್ತಿದ್ದ ಸ್ಪಿನ್ನಿಂಗ್ ಮಾಸ್ತರ್ರು ತಮ್ಮ ಕಾರಿಗೆ ಇವರ ಕೈಲೇ ಪೂಜೆ ಮಾಡಿಸೋರಂತೆ. ನಲವತ್ತೇಳನೇ ಇಸವೀದು. ಅದಾಗಿ ಮೂರು ತಿಂಗಳಿಗೆ ಹೋಗ್ಬಿಟ್ರು. ನನಗೆ ಅವರ ಮುಖ ನೆನಪಿಲ್ಲ. ಇದೊಂದೇ ಫೋಟೋ ಇರೋದು."

"ಕಾರು ಯಾವುದು ಅಂತ ಹೇಳ್ಬೇಕು. ಅಷ್ಟೇ ತಾನೆ?" ಎಂದರು ತಿರುಮಲೇಶ, ಪಟ್ಟಿಗಳನ್ನು ಹೊರತೆಗೆಯುತ್ತ.

"ಅಷ್ಟೇ." ಸುಬ್ಬಲಕ್ಷ್ಮಿ ಪ್ಲಾಸ್ಟಿಕ್ಕನ್ನು ಮಡಿಚಿ ಚೀಲಕ್ಕೆ ಹಾಕಿದರು. "ದೊಡ್ಡ ಹೆಸರಿನ ಕಾರಾಗಿದ್ರೆ ಒಳ್ಳೇದಿತ್ತು."

ವಿಷಯ ಹೀಗಿತ್ತು. ಅವರ ಅಣ್ಣ ಕಿಟ್ಟು ಬ್ಯಾಂಕಿನಲ್ಲಿ ಆಫೀಸರು. ಸಯನ್ನಿನಲ್ಲಿ ಹೊಸ ಫ್ಲಾಟು ಕೊಂಡಿದ್ದ. ತಾಯಿ ಸರಸ್ವತಮ್ಮ ಅವನ ಜೊತೆಗಿದ್ದರು. ಹೊಸ ಮನೆಯ ಮುಂದಿನ ಕೋಣೆಯಲ್ಲಿ ಯಜಮಾನರ ಫೋಟೋ ಇರಬೇಕೆಂದು ತಾಯಿಯ ಆಸೆ. ಅವರು ಬದುಕಿನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಕಿಟ್ಟು ಆಗದು ಎಂದಿದ್ದ.

"ಯಾಕೆ ಆಗಲ್ವಂತೆ?"

"ಅದು ಮನೆ ವಿಷಯ, ಬಿಡಿ ಸಾರ್. ಆದ್ರೆ ಅಣ್ಣನಿಗೆ ಫಾರಿನ್ ಅಂದ್ರೆ ಪ್ರಾಣ. ಸೆಂಟಿನ ಬಾಟ್ಲಿ ಖಾಲಿಯಾದ್ರೂ ಶೋಕೇಸಿನಲ್ಲಿ ಇಡ್ತಾನೆ. ಕಾರು ಅಪರೂಪದ್ದು, ದೊಡ್ಡದು ಅಂತ ನಿಮ್ಮಂಥವರು ಬರೆದುಕೊಟ್ರೆ ಒಪ್ಕೋಬಹುದು."

ತಿರುಮಲೇಶರು ಪಟ್ಟಿಗಳನ್ನು ಜೋಡಿಸಿದರು. ಮೇಲಿನದು ಮಿಲ್ಲಿನ ಗೋಡೆಯನ್ನು ಮುಚ್ಚಿತು, ಕೆಳಗಿನದು ನೆಲವನ್ನು, ಬಲಗಡೆಯದು ಒಂದು ತೆಂಗಿನ ಮರವನ್ನು. ಎಡಗಡೆಯ ಪಟ್ಟಿಯ ಕೆಳಗೆ, ಬರಿಮೈಯಲ್ಲಿ ಕೈಮುಗಿದು ನಿಂತಿದ್ದ ಸೀತಾರಾಮಯ್ಯನವರು ಹೋದರು. ಅವರನ್ನು ಮುಚ್ಚಿದ್ದು ಯಾರದೋ ಚಿ. ಸೌ.ವಿನ ಹೆಸರಿದ್ದ ತುಂಡು.

ಅಷ್ಟರಲ್ಲಿ ದೂಜ ಬಂದ. ಉಡುಪಿ ಕಡೆಯವನು, ಪರೇಲಿನಲ್ಲಿ ಗ್ಯಾರೇಜು. ಮೂವತ್ತು ವರ್ಷ ಕಾರುಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಜೀವನ ಕಳೆದವನು. ಪ್ರತಿ ಭಾನುವಾರ ತಿರುಮಲೇಶರ ಎದುರು ಕುಳಿತು ಗೋಳಿಬಜೆ ತಿಂದು, ಸೋತು ಹೋಗುವುದು ಅವನ ವ್ರತ.

"ಇದಾ? ಮಾರಿಸ್ ಏಟ್" ಎಂದ ಕುಳಿತುಕೊಳ್ಳುವ ಮೊದಲೇ. "ಮೂವತ್ತಾರು, ಮೂವತ್ತೇಳರ ಮಾಡೆಲ್. ಇಂಥಾದ್ದು ಇನ್ನೂರು ಬಿಚ್ಚಿದ್ದೇನೆ ನಾನು."

"ಸ್ಟೀರಿಂಗ್ ನೋಡಪ್ಪ ದೂಜ."

ದೂಜ ಭೂತಗನ್ನಡಿ ತೆಗೆದುಕೊಂಡು ಬಗ್ಗಿದ. ಗಾಜಿನ ಹಿಂದೆ, ಸ್ಪಷ್ಟವಾಗಿ, ಸ್ಟೀರಿಂಗು ಕಾರಿನ ಎಡಗಡೆಗಿತ್ತು.

"ಅರೆ ಇಸ್ಕಿ!" ಎಂದ ದೂಜ. "ಯಾರಾದ್ರೂ ಬದಲು ಮಾಡಿಸಿರ್ಬಹುದು."

"ವೈಪರ್ ನೋಡು. ಒಂದೇ ಇದೆ. ಅದೂ ಎಡಗಡೆಗೇ. ಸ್ಟೀರಿಂಗ್ ಬದಲಾಯಿಸೋವನು ವೈಪರಿಗೂ ಯಾಕಪ್ಪ ಕೈ ಹಾಕ್ತಾನೆ? ಇದು ಹುಟ್ಟಿನಿಂದಲೇ ಎಡಗಡೆ. ಮಾರಿಸ್ ಇಂಗ್ಲಿಷರ ಕಾರು, ಅವರದೂ ನಮ್ಮ ಹಾಗೆ ಬಲಗಡೆ ಸ್ಟೀರಿಂಗ್. ಈ ಊರಿಗೆ ಎಡಗಡೆ ಸ್ಟೀರಿಂಗಿನ ಮಾರಿಸ್ ಯಾರು ತರ್ತಾರೆ?"

"ಮೂತಿ ಮಾತ್ರ ಮಾರಿಸ್ಸಿಂದೇ" ಎಂದು ದೂಜ ಗೊಣಗಿ ಗೋಳಿಬಜೆಗೆ ಕೈ ಹಾಕಿದ. ಮೂತಿಯೇ ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದು ತೊಂದರೆ. ರೇಡಿಯೇಟರಿನ ಮೇಲೆ ಚೆಂಡುಹೂವಿನ ಹಾರ, ನಂಬರ್ ಪ್ಲೇಟಿಗೆ ಅಡ್ಡವಾಗಿ ಎರಡು ಬಾಳೆಕಂದು. ಎಲೆಯ ಸಂದಿನಿಂದ ಕೊಕ್ಕೆಯಂತಹ ಒಂದು ಬಿಳಿಯ ಗುರುತು ಇಣುಕುತ್ತಿತ್ತು. ಅದು ಯುರೋಪಿನ ಕಾರುಗಳಲ್ಲಿ ಪ್ಲೇಟು ಸಿಕ್ಕಿಸುವ ಕೊಂಡಿ ಎಂದು ತಿರುಮಲೇಶರು ನಿರ್ಧರಿಸಿದರು. ಗಲ್ಲೆಯ ಹಿಂದಿನಿಂದ ಕಾಂತಪ್ಪನವರು, "ಎಂತ ಮಾರಾಯ್ರೆ, ಕಾರು ಸಿಕ್ಕಿತಾ? ಇಲ್ಲದಿದ್ರೆ ಟೇಬಲ್ ಬಿಡಿ, ಗಿರಾಕಿ ನಿಂತಿದ್ದಾರೆ" ಎಂದರು.

ಫೋಟೋ ಒಂದು ವಾರ ತಿರುಮಲೇಶರ ಮನೆಯಲ್ಲಿತ್ತು. ಪುಸ್ತಕಗಳು ಮಂಚದ ಕೆಳಗಿನಿಂದ ಹೊರಬಂದವು. ಮುಂದಿನ ಭಾನುವಾರ ಅವರು ತೀರ್ಪು ಕೊಟ್ಟರು: ಹನೋಮಾಗ್. ಜರ್ಮನಿಯದು. ಯುದ್ಧಕ್ಕೆ ಮುಂಚಿನದು. ಮಿಲ್ಲಿಗೆ ಯಂತ್ರ ಜೋಡಿಸಲು ಬಂದ ಯಾರೋ ಜರ್ಮನ್ ಇಂಜಿನಿಯರು ತಂದಿರಬೇಕು; ಯುದ್ಧ ಶುರುವಾದಾಗ ಕಾರು ಬಿಟ್ಟು ಹೋಗಿರಬೇಕು; ಅದು ಸ್ಪಿನ್ನಿಂಗ್ ಮಾಸ್ತರರ ಪಾಲಿಗೆ ಬಂದಿರಬೇಕು. ಮೂರು "ಬೇಕು"ಗಳೂ ಸೇರಿ ಒಂದು ಇತಿಹಾಸವೇ ಆಯಿತು. ಹೆಸರು ಕೇಳಿ ಸುಬ್ಬಲಕ್ಷ್ಮಿಯ ಮುಖ ಅರಳಿತು. ಅದಕ್ಕಿಂತ ಫಾರಿನ್ ಆದ ಹೆಸರನ್ನು ಅವರೂ ಕೇಳಿರಲಿಲ್ಲ. ಫೋಟೋದ ಬೆನ್ನಿಗೆ ಪೆನ್ಸಿಲು ಓಡಿತು, ಕೆಳಗೆ ರುಜು ಬಿತ್ತು.

ತಿರುಮಲೇಶರು ಇನ್ನೂ ಒಂದು ಕೆಲಸ ಮಾಡಿದರು. ಊರಿನ ಹಳೇ ಕಾರುಗಳ ಮಾಲೀಕರ ಕ್ಲಬ್ಬೊಂದಕ್ಕೆ ಕಾಗದ ಬರೆದರು. ಕ್ಲಬ್ಬಿನವರು ಪುಲಕಿತರಾಗಿ, ಸೆಪ್ಟೆಂಬರಿನ ಸಭೆಯಲ್ಲಿ 'ಮುಂಬಯಿಯ ಏಕೈಕ ಹನೋಮಾಗ್' ಕುರಿತು ಮಾತನಾಡಬೇಕೆಂದು ಟೈಪು ಮಾಡಿದ ಉತ್ತರ ಕಳಿಸಿದರು. ಸ್ವಂತ ಕಾರಿದ್ದವರು ಕ್ಲೇಮಿನ ವಿಷಯ ಬಿಟ್ಟು ಬೇರೆ ವಿಷಯಕ್ಕೆ ಅವರಿಗೆ ಕಾಗದ ಬರೆದದ್ದು ಅದೇ ಮೊದಲು. ಆ ಕಾಗದವನ್ನು ಅವರು ಆಫೀಸಿನ ಡಬ್ಬಿಯ ಜೊತೆಗೆ ಚೀಲದಲ್ಲಿ ದಿನಾ ಒಯ್ಯುತ್ತಿದ್ದರು. ಮೂರನೆಯ ದಿನಕ್ಕೆ ಅದಕ್ಕೆ ಹುಳಿಯನ್ನದ ಎಣ್ಣೆ ಹತ್ತಿತು.

ಎರಡು ವಾರ ಬಿಟ್ಟು ಸುಬ್ಬಲಕ್ಷ್ಮಿ ಮತ್ತೆ ಬಂದರು. ಈ ಸಲ ಟೇಬಲ್ ಒರೆಸದೆಯೇ ಫೋಟೋ ಇಟ್ಟರು.

"ಏನಾಯ್ತಮ್ಮ? ಗೋಡೆ ಹತ್ತಿತೋ ಇಲ್ವೋ?" ಎಂದರು ತಿರುಮಲೇಶ ಉತ್ಸಾಹದಿಂದ.

"ಹತ್ತಿತು ಸಾರ್. ದೊಡ್ಡದು ಮಾಡಿಸಿದಾನೆ. ಎರಡಡಿ ಅಗಲ, ತೇಗದ ಕಟ್ಟು. ಕೆಳಗೆ ಇಂಗ್ಲಿಷಿನಲ್ಲಿ ಕಾರಿನ ಹೆಸರು. ಆಫೀಸಿನವರನ್ನೆಲ್ಲ ಕರೆದು ತೋರಿಸಿದಾನೆ."

"ಮತ್ತೆ?"

"ನಿಮ್ಮ ಕಾರು ಹತ್ತಿತು. ನಮ್ಮಪ್ಪ ಹತ್ತಲಿಲ್ಲ. ಸ್ಟುಡಿಯೋದವನಿಗೆ ಹೇಳಿ ಅಪ್ಪನ್ನ ಕತ್ತರಿಸಿಬಿಟ್ಟಿದಾನೆ. ಬರೀ ಕಾರು. ಒಂದು ಮೊಣಕೈ ಮಾತ್ರ ಉಳಿದಿದೆ. ಅಮ್ಮ ಬೆಳಗಾದ್ರೆ ಆ ಮೊಣಕೈ ಎದುರಿಗೆ ಕೂತ್ಕೋತಾರೆ."

ಗೋಳಿಬಜೆಯ ಮೇಲಿದ್ದ ದೂಜನ ಕೈ ಅಲ್ಲೇ ನಿಂತಿತು.

"ಅಲ್ಲ, ಹೆತ್ತ ತಂದೆಯನ್ನು ಯಾಕೆ..." ಎಂದರು ತಿರುಮಲೇಶ.

ಸುಬ್ಬಲಕ್ಷ್ಮಿ ಹೇಳಲಾರದೆ ಹೇಳಿದರು. "ಜನಿವಾರ ಸಾರ್. ಫೋಟೋದಲ್ಲಿ ಬಲಭುಜದ ಮೇಲಿದೆ. ಎಲ್ಲರದ್ದೂ ಎಡಭುಜದ ಮೇಲಲ್ವಾ ಇರೋದು? ಬಲಕ್ಕೆ ಹಾಕೋದು ಶ್ರಾದ್ಧ ಮಾಡೋವಾಗ, ಸತ್ತವರಿಗೆ ನೀರು ಬಿಡೋವಾಗ. ಹಬ್ಬದ ದಿವಸ ಹಾಗೆ ಹಾಕ್ಕೊಂಡು ಕೈಮುಗಿದಿದಾರೆ, ಮೂರು ತಿಂಗಳಿಗೆ ಹೋಗಿದಾರೆ. ಸೂಚನೆ ಅದು, ಅಪಶಕುನದ ಫೋಟೋ, ಮನೇಲಿ ಹಾಕಬಾರದು ಅಂತ ಆಗ ನಮ್ಮ ದೊಡ್ಡಪ್ಪ ಹೇಳಿದ್ರು. ಈಗ ಅಣ್ಣ ಹೇಳ್ತಾನೆ. ಮೂವತ್ತೊಂಬತ್ತು ವರ್ಷ ಟ್ರಂಕಿನ ತಳದಲ್ಲೇ ಇತ್ತು."

"ನಿಮ್ಮ ತಾಯಿ ಏನಂತಾರೆ?"

"ಅಮ್ಮ ಒಂದೇ ಮಾತು ಹೇಳೋದು. ಅವರು ಅವತ್ತು ಹಾಗೆ ಹಾಕ್ಕೊಂಡಿರಲಿಲ್ಲ, ಮಡಿ ಪಂಚೆ ಕೊಟ್ಟೋಳು ನಾನು, ನಾನು ಕಂಡಿದೀನಿ ಅಂತ. ಫೋಟೋನೇ ಕಣ್ಣೆದುರಿಗಿರೋವಾಗ ಯಾರು ನಂಬ್ತಾರೆ?"

ತಿರುಮಲೇಶರು ಕೈ ಚಾಚಿ ಫೋಟೋ ತೆಗೆದುಕೊಂಡರು. ಅಭ್ಯಾಸಬಲದಿಂದ ಇನ್ನೊಂದು ಕೈ ಜೇಬಿಗೆ ಹೋಯಿತು. ಪಟ್ಟಿಗಳನ್ನು ಮುಟ್ಟಿ, ಖಾಲಿಯಾಗಿ ಹೊರಬಂತು. ಇದೇ ಫೋಟೋವನ್ನು ಅವರು ಒಂದು ವಾರ ದಿನಕ್ಕೆ ಎರಡು ಗಂಟೆಯಂತೆ ಭೂತಗನ್ನಡಿಯಲ್ಲಿ ನೋಡಿದ್ದರು. ಅದರಲ್ಲಿದ್ದ ಮನುಷ್ಯನಿಗೆ ಮೀಸೆ ಇದೆಯೋ ಇಲ್ಲವೋ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಈಗ ನೋಡಿದರು. ಮೀಸೆ ಇತ್ತು, ತೆಳ್ಳಗೆ. ಕೆನ್ನೆಯ ಮೇಲೆ ಒಂದು ಮಚ್ಚೆ. ಹೆಗಲು ಸಣ್ಣದು. ಮೂವತ್ತರ ಆಸುಪಾಸಿನ, ಬೇರೆಯವರ ಕಾರಿನ ಪಕ್ಕ ನಿಲ್ಲುವುದಕ್ಕೆ ಸ್ವಲ್ಪ ಸಂಕೋಚಪಟ್ಟುಕೊಂಡ ಒಬ್ಬ ಮನುಷ್ಯ. ಮತ್ತು ಬಲಭುಜದಿಂದ ಎಡಸೊಂಟಕ್ಕೆ ಇಳಿದ ಜನಿವಾರ.

ತಿರುಮಲೇಶರ ಕೈ ತಾನಾಗಿ ಅಂಗಿಯ ಮೇಲಿನಿಂದ ಅವರ ಎಡಭುಜವನ್ನು ಮುಟ್ಟಿಕೊಂಡಿತು. ಬಲಕ್ಕಿರಬಾರದ್ದು ಬಲಕ್ಕಿದೆ. ಎಡಕ್ಕಿರಬಾರದ್ದು ಎಡಕ್ಕಿದೆ. ಅವರು ಥಟ್ಟನೆ ಎದ್ದು ಕೈ ತೊಳೆಯುವ ಬೇಸಿನ್ನಿನ ಕಡೆ ನಡೆದರು.

"ಎಂತದು, ತಿಂಡಿಯೇ ಬರ್ಲಿಲ್ಲ ಇನ್ನೂ. ಕೈ ತೊಳೆಯುದಾ?" ಎಂದರು ಕಾಂತಪ್ಪ.

ಬೇಸಿನ್ನಿನ ಮೇಲೆ, ಎಲ್ಲ ಉಡುಪಿ ಹೋಟೆಲುಗಳಲ್ಲಿ ಇರುವಂತೆ, ಒಂದು ದೊಡ್ಡ ಕನ್ನಡಿ ಇತ್ತು. ತಿರುಮಲೇಶರು ಫೋಟೋವನ್ನು ಅದರ ಎದುರು ಹಿಡಿದರು. ಹಿಂದಿನಿಂದ ದೂಜ ಕತ್ತು ಚಾಚಿದ.

ಕನ್ನಡಿಯಲ್ಲಿ ಸ್ಟೀರಿಂಗು ಬಲಗಡೆಗೆ ಬಂತು.

"ಮಾರಿಸ್ ಏಟ್!" ಎಂದು ದೂಜ ಹೋಟೆಲಿಗೆಲ್ಲ ಕೇಳುವಂತೆ ಕೂಗಿದ. "ಹೇಳಿದ್ನಾ ಇಲ್ವಾ? ಮೂತಿ ಮಾರಿಸ್ಸಿಂದು ಅಂತ ಹೇಳಿದ್ನಾ ಇಲ್ವಾ ನಾನು? ಅಗೋ, ಎಲೆ ಸಂದಿಯಲ್ಲಿ ಏಳು! ಕೊಂಡಿಯಂತೆ, ಕೊಂಡಿ! ನಂಬರ್ ಪ್ಲೇಟಿನ ಏಳು ಸಾರ್ ಅದು!"

ಅದು ಏಳೇ ಆಗಿತ್ತು. ಫೋಟೋ ಅಚ್ಚು ಹಾಕುವಾಗ ಫಿಲ್ಮನ್ನು ತಿರುವುಮುರುವು ಇಟ್ಟದ್ದರಿಂದ ಎಡಬಲ ಅದಲುಬದಲಾಗಿತ್ತು. ತೆಗೆದವನು ಸ್ಪಿನ್ನಿಂಗ್ ಮಾಸ್ತರರ ಭಾವಮೈದನಂತೆ. ಹೊಸ ಕ್ಯಾಮೆರಾ ಕೊಂಡು ಬಚ್ಚಲುಮನೆಯಲ್ಲಿ ತಾನೇ ತೊಳೆದು ಹಂಚಿದ್ದನಂತೆ. ಸುಬ್ಬಲಕ್ಷ್ಮಿ ಅದನ್ನು ಹೇಳುತ್ತಿದ್ದರು, ಆದರೆ ಅವರ ಕಣ್ಣು ಕನ್ನಡಿಯಲ್ಲಿತ್ತು. ಅಲ್ಲಿ ಜನಿವಾರ ಎಡಭುಜದ ಮೇಲಿತ್ತು.

"ಅಂದ್ರೆ ಅಪ್ಪ..."

"ನಿಮ್ಮ ತಂದೆ ಸರಿಯಾಗೇ ಇದ್ರಮ್ಮ. ನಿಮ್ಮ ತಾಯಿ ಹೇಳಿದ್ದೂ ಸರಿ. ತಪ್ಪಿದ್ದು ನಾನು" ಎಂದರು ತಿರುಮಲೇಶ. ಈ ಕೊನೆಯ ವಾಕ್ಯ ಅವರ ಬಾಯಿಗೆ ಹೊಸದಾಗಿದ್ದರಿಂದ ಸ್ವಲ್ಪ ತೊದಲಿತು.

ಮೂರನೆಯ ಟೇಬಲ್ಲಿಗೆ ಮರಳಿದರು. ಕಾಂತಪ್ಪನವರು ಗಲ್ಲೆ ಬಿಟ್ಟು ಬಂದು ತಗ್ಗಿದ ದನಿಯಲ್ಲಿ, "ಅವರ ಅಣ್ಣನಿಗೆ ಹೇಳಿ, ಸಮ. ಕ್ಲಬ್ಬಿನವರಿಗೆ ಎಂತಕ್ಕೆ ಹೇಳುದು ಮಾರಾಯ್ರೆ? ಭಾಷಣ ಒಂದು ಆಗಿ ಹೋಗ್ಲಿ. ಅವರು ಯಾರು ಈ ಫೋಟೋ ಕನ್ನಡಿಗೆ ಹಿಡೀಲಿಕ್ಕೆ ಬರ್ತಾರೆ?" ಎಂದರು.

ತಿರುಮಲೇಶರು ಕಾಫಿ ಮುಗಿಯುವವರೆಗೆ ಆ ಸಲಹೆಯನ್ನು ಪರಿಶೀಲಿಸಿದರು. ಅದರಲ್ಲಿ ದೋಷವೇನೂ ಕಾಣಲಿಲ್ಲ. ಲೋಟ ಕೆಳಗಿಟ್ಟು, "ಒಂದು ರಬ್ಬರ್ ಇದೆಯಾ ಯಾರ ಹತ್ರಾನಾದ್ರೂ?" ಎಂದರು.

ಟೀಚರ ಕೈಚೀಲದಲ್ಲಿ ಇತ್ತು. ಹನೋಮಾಗ್ ಎಂಬ ಹೆಸರು ಮೂರು ಉಜ್ಜಿಗೆ ಹೋಯಿತು. ರುಜು ಒತ್ತಿ ಹಾಕಿದ್ದರಿಂದ ಐದು ಬೇಕಾಯಿತು.

ಮುಂದಿನ ಭಾನುವಾರ ತಿರುಮಲೇಶರು ಹೋಟೆಲಿಗೆ ಬರಲಿಲ್ಲ. ಸುಬ್ಬಲಕ್ಷ್ಮಿಯ ಜೊತೆ ಸಯನ್ನಿಗೆ ಹೋದರು. ಕಂಕುಳಲ್ಲಿ ಕಾಗದ ಸುತ್ತಿದ ಹೊಸ ಫೋಟೋ. ಸ್ಟುಡಿಯೋದವನು ಹಳೆಯದರ ಮೇಲಿಂದ ಫೋಟೋ ತೆಗೆದು, ಈ ಸಲ ಫಿಲ್ಮನ್ನು ಬೇಕೆಂದೇ ತಿರುಗಿಸಿ ಅಚ್ಚು ಹಾಕಿದ್ದ.

ಕಿಟ್ಟು ಹನೋಮಾಗ್ ತಜ್ಞರನ್ನು ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದೊಯ್ದ. ಗೋಡೆಯ ಮೇಲಿನ ತೇಗದ ಕಟ್ಟನ್ನು ತೋರಿಸಿದ. ಎದುರಿನ ಬೆತ್ತದ ಕುರ್ಚಿಯ ಮೇಲೆ ಕಾಲು ಮಡಿಚಿ, ತಲೆ ಸ್ವಲ್ಪ ವಾಲಿಸಿ, ಸರಸ್ವತಮ್ಮ ಕುಳಿತಿದ್ದರು. ಅವರು ನೋಡುತ್ತಿದ್ದುದು ಚಿತ್ರದ ಅಂಚನ್ನು.

"ನಮ್ಮ ರೀಜನಲ್ ಮ್ಯಾನೇಜರ್ ಬಂದು ಒಂದು ಗಂಟೆ ನೋಡಿದ್ರು ಸಾರ್" ಎಂದ ಕಿಟ್ಟು.

"ಅದು ಹನೋಮಾಗ್ ಅಲ್ಲ ಕಿಟ್ಟು ಅವರೇ. ಮಾರಿಸ್ ಏಟ್" ಎಂದರು ತಿರುಮಲೇಶ.

"ಮಾರಿಸ್ಸಾ?" ಕಿಟ್ಟುವಿನ ಮುಖ ನೋಡುವಂತಿರಲಿಲ್ಲ. "ಮಾರಿಸ್ಸು ನಮ್ಮ ಬ್ಯಾಂಕಿನ ವಾಚ್‌ಮನ್ನಿನ ಮಾವನ ಹತ್ರ ಇತ್ತು ಸಾರ್! ನೀವೇ ರುಜು ಹಾಕಿ ಕೊಟ್ಟಿದ್ರಲ್ಲ!"

"ಹಾಕಿದ್ದೆ. ಅಳಿಸಿದೀನಿ."

"ಹಾಗಂತ ಹೇಳಿದ್ರೆ ಆಯ್ತಾ? ನಾನು ಆಫೀಸಿನಲ್ಲಿ ಏನು ಹೇಳ್ಲಿ?"

ತಿರುಮಲೇಶರು ಕಾಗದ ಬಿಚ್ಚಿದರು. ಬಾಳೆಯೆಲೆಯ ಸಂದಿನ ಏಳನ್ನು ತೋರಿಸಿದರು. ಸ್ಟೀರಿಂಗು ತೋರಿಸಿದರು. ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಕಾರಿನಿಂದ ಬೆರಳು ತೆಗೆದು ಪಕ್ಕದಲ್ಲಿ ನಿಂತವರ ಮೇಲಿಟ್ಟರು. "ಇಲ್ಲಿ ನೋಡಿ. ಯಾವ ಭುಜ?"

ಕಿಟ್ಟು ನೋಡಿದ. ಹೊಸದನ್ನು, ಗೋಡೆಯ ಮೇಲಿನದನ್ನು, ಮತ್ತೆ ಹೊಸದನ್ನು. ಬಾಯಿ ತೆರೆದ. ಆದರೆ ಅಷ್ಟರಲ್ಲಿ ಸುಬ್ಬಲಕ್ಷ್ಮಿ ಫೋಟೋವನ್ನು ತಾಯಿಯ ಮಡಿಲಿಗೆ ಇಟ್ಟಾಗಿತ್ತು.

ಸರಸ್ವತಮ್ಮ ಕನ್ನಡಕ ಸರಿಮಾಡಿಕೊಂಡರು. ಜನಿವಾರದ ಕಡೆ ಅವರು ನೋಡಲೇ ಇಲ್ಲ. ಅದರ ಬಗ್ಗೆ ಅವರಿಗೆ ಯಾವತ್ತೂ ಸಂಶಯವಿರಲಿಲ್ಲ. ಬೆರಳು ನೇರ ಮುಖದ ಮೇಲೆ ಹೋಗಿ ಎಡಗೆನ್ನೆಯ ಹತ್ತಿರ ನಿಂತಿತು.

"ಮಚ್ಚೆ ಇಲ್ಲೇ ಇದ್ದದ್ದು" ಎಂದರು. "ಆ ಫೋಟೋದಲ್ಲಿ ಬಲಕ್ಕಿತ್ತಲ್ಲೇ ಸುಬ್ಬಿ. ನಾನೇ ಮರೆತೆ ಅಂದ್ಕೊಂಡಿದ್ದೆ. ಗಂಡನ ಮುಖ ಕೂಡ ನೆನಪಿಟ್ಟುಕೊಳ್ಳಕ್ಕೆ ಆಗಲಿಲ್ವಲ್ಲ ಅಂತ ಯಾರಿಗೂ ಹೇಳ್ದೆ ಸುಮ್ಮನಿದ್ದೆ."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಬ್ರೇಕು ಹಾಕಿತು. ತಿರುಮಲೇಶರು ಅದು ಯಾವ ಕಂಪನಿಯ ಬಸ್ಸೆಂದು ಊಹಿಸಲು ಹೋಗಲಿಲ್ಲ. ಕಿಟ್ಟು ತಾಯಿಯನ್ನೊಮ್ಮೆ ನೋಡಿ, ಸ್ಟೂಲು ಎಳೆದುಕೊಂಡು ಹತ್ತಿ, ತೇಗದ ಕಟ್ಟನ್ನು ಗೋಡೆಯಿಂದ ಇಳಿಸಿದ.

"ಕಟ್ಟು ಚೆನ್ನಾಗಿದೆ. ಇದಕ್ಕೇ ಆಗತ್ತೆ, ಸ್ವಲ್ಪ ದೊಡ್ಡದು ಮಾಡಿಸಿದ್ರೆ" ಎಂದ, ಬೆನ್ನು ತಿರುಗಿಸಿಕೊಂಡೇ. ಮತ್ತೆ ಸ್ಟೂಲಿನ ಮೇಲಿಂದಲೇ, "ಕೆಳಗಿನ ಹೆಸರು?" ಎಂದು ಕೇಳಿದ.

"ಸೀತಾರಾಮಯ್ಯ ಅಂತ ಬರೆಸಿ" ಎಂದರು ತಿರುಮಲೇಶ.

ಸೆಪ್ಟೆಂಬರಿನ ಸಭೆಗೆ ತಿರುಮಲೇಶರು ಹೋಗಲಿಲ್ಲ. ತಮ್ಮಿಂದ ತಪ್ಪಾಗಿದೆ ಎಂದು ಎರಡು ಸಾಲಿನ ಕಾಗದ ಬರೆದರು. ಕ್ಲಬ್ಬಿನವರು ಮತ್ತೆ ಅವರನ್ನು ಕರೆಯಲಿಲ್ಲ. ಫೋಟೋ ಸಯನ್ನಿನ ಮನೆಯ ಮುಂದಿನ ಕೋಣೆಯಲ್ಲಿದೆ. ಕಾರು ಮಾರಿಸ್ ಏಟ್.